ಎಡಗಡಿ ಮಡ್ಗಾರ್ಡ್

ವೆಂಗುರ್ಲಾ ರೋಡಿನ ಹಳೇ ಹತ್ತಿ ಗೋದಾಮಿಗೆ
ಈಗ ಗಾಜಿನ ಬಾಗಿಲ.
ತಲಿಗೆ ನೂರು ರೂಪಾಯಿ, ಅರವತ್ತು ದಾಟಿದವರಿಗೆ ಐವತ್ತು.
ಚೀಟಿ ಕೊಡೂ ಹುಡುಗಿ ಆಧಾರ ಕಾರ್ಡಿನ ಫೋಟೋ ನೋಡಿದಳು,
ನನ್ನ ನೋಡಿದಳು,
ಮತ್ತೊಮ್ಮೆ ಫೋಟೋ ನೋಡಿ ಐವತ್ತರದ ಹರದಳು.

ಒಳಗ ಥಂಡಿ.
ಇಪ್ಪತ್ಮೂರು ಗಾಡಿ, ಒಂದಕ್ಕೂ ಪೆಟ್ರೋಲಿನ ವಾಸನಿಲ್ಲ.
ಮೇಣ ತಿಕ್ಕಿದ ಮೈ, ಒರಸಿದ ಕಣ್ಣು,
ಟಯರಿನ ಗೆರಿಯೊಳಗ ಒಂದು ಹರಳಿಲ್ಲ.
ಮದವಿಗೆ ಬಂದು ಊಟಕ್ಕ ಕೂಡದ ಬೀಗರಂಗ
ಬಿಗದುಕೊಂಡು ನಿಂತಾವ.

‘ಮುಟ್ಟಬಾರದು’ ಅಂತ ಮೂರು ಭಾಷಾದಾಗ ಬರದಾರ.
ಮೂರೂ ನನಗ ಓದಾಕ ಬರತಾವ.
ಕೈಗೆ ಒಂದೂ ಬರಂಗಿಲ್ಲ.
ಅದಕ್ಕ ಬೆನ್ನ ಹಿಂದ ಕಟ್ಟಿಕೊಂಡು ನಡದೆ.

ಒಂಬತ್ತನೇದ್ದರ ಮುಂದ ಕಾಲು ನಿಂತವು.
ಕಪ್ಪು. ಉದ್ದ ಮೂತಿ.
ಎಡಕ್ಕ ತುಸು ವಾಲಿದ ನಿಲುವು, ಇವತ್ತಿಗೂ.
ಬೋರ್ಡಿನ ಮ್ಯಾಲ:
‘ಇಂಗ್ಲೆಂಡಿನಲ್ಲಿ ತಯಾರಾದದ್ದು, ೧೯೩೮.
ಎಲ್ಲ ಭಾಗಗಳೂ ಮೂಲದವು.’

ಲಾಡಸಾಬ ಉಸ್ತಾದ ಇದ್ದಿದ್ದರ
ಬೀಡಿ ಹೊಗಿ ಮೂಗಿಗೇರಿ
ಕೆಮ್ಮಿಕೋತ ನಗತಿದ್ದ.

ಎಪ್ಪತ್ತೆರಡನೇ ಇಸವಿ, ಖಡೇಬಜಾರದ ಹಿಂದಿನ ಸಂದಿ.
ಈ ಗಾಡಿ ನಮ್ಮ ಖೋಲಿಗೆ ಬಂದದ್ದು
ಜೋಡೆತ್ತಿನ ಹಿಂದ, ಹಗ್ಗ ಕಟ್ಟಿಸಿಕೊಂಡು.
ಸಾಂಬ್ರಾ ರಸ್ತೆದಾಗ ಕಬ್ಬಿನ ಬಂಡಿಗೆ ಹಾದು
ಎಡಗಡಿ ಮಡ್ಗಾರ್ಡ್ ಹಪ್ಪಳ.
ದಿವಾಣಜಿ ಕೋಟಿನ ಗುಂಡಿ ತಿರುವಿಕೋತ ಅಂದಿದ್ದ:
‘ಸೋಮವಾರ ಸಾಹೇಬರು ಬರತಾರ. ಗೊತ್ತಾಗಬಾರದು.’
ಅವತ್ತು ಶುಕ್ರವಾರ.

ಮುಂಬೈಗೆ ತಾರು ಕಳಿಸಿದ್ರೂ ತಗಡು ಬರೂದು ತಿಂಗಳಿಗೆ.
ಉಸ್ತಾದ ಎದ್ದ, ಲುಂಗಿ ಝಾಡಿಸಿದ,
ಮೂಲಿ ಕಿರಾಣಿಗೆ ಹೋಗಿ
ಎರಡು ಖಾಲಿ ಎಣ್ಣಿ ಡಬ್ಬಿ ಬಗಲಾಗ ಇಟ್ಟುಕೊಂಡು ಬಂದ.
ಬೈಲಹೊಂಗಲದ ಸೇಂಗಾ ಎಣ್ಣಿ.
ಊರ ಹೆಸರು ಡಬ್ಬಿ ಮ್ಯಾಲ ಉಬ್ಬಕ್ಷರದಾಗ.

ಕತ್ತರಿಸಿದ. ಒಂದರ ಮ್ಯಾಲೊಂದು ಕೂಡಿಸಿದ. ಬೆಸಗಿ ಹಾಕಿದ.
ಅಂಚಿನ ಕೆಲಸ ನನಗ ಬಿಟ್ಟ.
ನನಗ ಹದಿನಾರು, ಸುತ್ತಿಗಿ ಅಂದ್ರ ಸಿಟ್ಟು.
‘ಬಡಿಯೂದಲ್ಲೋ ಮೋನಪ್ಪಾ,
ಒಪ್ಪಿಸೂದು.
ತಗಡು ಟಣ್ ಅಂದ್ರ ಒಲ್ಲೆ ಅನ್ನಾಕತ್ತೈತಿ ಅಂತ ತಿಳಿ.
ಠಪ್ ಅಂದ್ರ, ಹೂಂ.’
ಮೂರು ರಾತ್ರಿ ನಾವು ಹೂಂ ಅನಿಸಿಕೋತ ಕುಂತಿದ್ವಿ,
ಚಾದಾಗ ಕಬ್ಬಿಣದ ರುಚಿ.

‘ಮ್ಯಾಲಿನ ಅಕ್ಷರ ಸಪಾಟ ಮಾಡು, ಒಳಗಿನವು ಇರಲಿ,’ ಅಂದ,
‘ಹೊಟ್ಟಿಯೊಳಗ ಯಾರ ನೋಡತಾರ?’

ಸೋಮವಾರ ಸಾಹೇಬರು ಗಾಡಿ ಸುತ್ತ ಎರಡು ಸಲ ತಿರುಗಿದರು.
ಏನೂ ಅನಲಿಲ್ಲ.
ಅದ ನಮ್ಮ ಬಕ್ಷೀಸು. ರೊಕ್ಕ ಬಂದದ್ದು ದೀಪಾವಳಿಗೆ,
ಅದೂ ಅರ್ಧ.

ಕಾವಲಿನ ಹುಡುಗ ಮೊಬೈಲದಾಗ ಮುಳುಗಿದ್ದ.
ಚಪ್ಪಲಿ ಉಂಗುಟ ಬಿಚ್ಚಿತು ಅಂತ ನಾ ಬಗ್ಗಿದೆ.
ಮೊಣಕಾಲ ಒಪ್ಪಲಿಲ್ಲ, ಟಣ್ ಅಂತು.
ಕೈ ಮಾತ್ರ ಮಡ್ಗಾರ್ಡಿನ ಹೊಟ್ಟಿಯೊಳಗ
ಬಿಲ ಗುರುತಿದ್ದ ಇಲಿಯಂಗ ಹೋತು.

ಮೇಣ ಬರೇ ಹೊರಗ.
ಒಳಗ ಐವತ್ತು ವರ್ಷದ ಅರಲು, ಯಾವ ಯಾವ ಊರಿನದೋ,
ಅದರಾಚೆ ಬೆಸಗಿಯ ಗಂಟು,
ಗಂಟು ದಾಟಿದರ
ಹೊಂ.
ಗ.
ಲ.
‘ಬೈಲ’ ಉಸ್ತಾದನ ಕತ್ತರಿಗೆ ಹೋಗಿತ್ತು.
ತೋರಬಟ್ಟು ಎರಡು ಸಲ ಓದಿತು,
ಶಾಲಿ ಬಿಟ್ಟ ಹುಡುಗ ಅಂಗಡಿ ಬೋರ್ಡ್ ಓದಿದಂಗ.

‘ಏನ ಹುಡುಕಾಕತ್ತೀರಿ ಅಜ್ಜಾರ?’
‘ಚಪ್ಪಲಿ.’
‘ಕಾಲಾಗ ಐತಲ್ಲ!’
‘ಹೌದ ನೋಡು,’ ಅಂದೆ. ಅಂವ ರಟ್ಟಿ ಹಿಡದು ಎಬ್ಬಿಸಿದ.

ಹೊರಗ ಹೋಗೂ ಬಾಗಿಲಿಗೆ ದಪ್ಪನ ವಹಿ, ದಾರ ಕಟ್ಟಿದ ಪೆನ್ನು.
ಅಭಿಪ್ರಾಯ ಬರೀರಿ ಅಂದಳು ಹುಡುಗಿ.
ನನ್ನ ಮ್ಯಾಲಿನವರು ‘ಅದ್ಭುತ’ ಅಂತ ಬರದಿದ್ದರು,
ಅವರ ಮ್ಯಾಲಿನವರೂ.
ಬೋರ್ಡಿನ ಸುದ್ದಿ ಬರೀಬೇಕಂತ ಪೆನ್ನು ಎತ್ತಿದೆ.
ಹೊಟ್ಟಿಯೊಳಗ ಯಾರ ನೋಡತಾರ?

‘ಒಂಬತ್ತನೇ ಗಾಡಿಗೆ ಹಿಂದಿನ ಎಡ ಗಾಲಿ ಹವಾ ಕಮ್ಮಿ ಐತಿ.
ಹಾಕಸ್ರಿ.’

ಸಹಿ ಮಾಡೂಕಿಂತ ಮೊದಲ
ಹೆಬ್ಬಟ್ಟಿನ ಕರೇ ಅರಲು
ಹಾಳಿಗೆ ಹತ್ತಿಬಿಟ್ಟಿತ್ತು.