ಓರೆ, ಒರೆ

ಬೆಳಗಿನ ಪಾಳಿ ಮುಗಿಸಿ, ಗೆಂಟ್‌ನ ಟ್ರಾಮನ್ನು ಡಿಪೋದಲ್ಲಿ ಬಿಟ್ಟು
ಹನ್ನೊಂದೂವರೆಗೆ ಮನೆ ಬಾಗಿಲು ತೆಗೆದರೆ
ಅಡುಗೆಮನೆಯ ಮೂಲೆಯಿಂದ ಪ್ರೌಮ್
ಓರೆಗಣ್ಣಲ್ಲಿ ನೋಡಿತು.
ಗುಟ್ಟು ಕೇಳಿಸಿಕೊಳ್ಳುವವರ ಹಾಗೆ
ತಲೆ ಎಡಕ್ಕೆ ವಾಲಿತ್ತು.
ನಕ್ಕೆ. ಕೋಟು ಕಳಚಿ ಗೂಟಕ್ಕೆ ಹಾಕಿ ತಿರುಗಿದೆ.
ಇನ್ನೂ ಹಾಗೇ ಇತ್ತು.

ಪ್ರೌಮ್ ಅಂದರೆ ನಮ್ಮಲ್ಲಿ ಒಂದು ಹಣ್ಣು;
ಒಣಗಿಸಿದ್ದನ್ನು ಕಪ್ಪು ಬಿಯರಿಗೆ ಹಾಕಿ
ಭಾನುವಾರ ಮೊಲದ ಮಾಂಸದ ಜೊತೆ ಬೇಯಿಸುತ್ತಾರೆ.
ಹೆಸರಿಟ್ಟವನು ನಾನೇ, ತಮಾಷೆಗೆ.
ಮಗಳು ಲೀಸ್ಬೆತ್ ಎರಡು ದಿನ ಮಾತು ಬಿಟ್ಟಿದ್ದಳು.

ಅಪ್ಪನ ಹಿತ್ತಲಲ್ಲಿ ಹನ್ನೆರಡು ಗೂಡು.
ಬೆಳಿಗ್ಗೆ ತಲೆ ವಾಲಿಸಿದ ಮೊಲ
ಸಂಜೆಗೆ ಅಲ್ಲಿರುತ್ತಿರಲಿಲ್ಲ.
ಹೆಸರಿಲ್ಲದ್ದರ ಕಾಯಿಲೆಗೂ ಹೆಸರಿರಲಿಲ್ಲ.

ಕಿವಿಯದೇ ತೊಂದರೆ, ಗಾಳಿ ಹೊಕ್ಕಿದೆ,
ಕಿಟಕಿ ಹಾಕು ಅಂದೆ.
ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಆಗಲೇ ಅದು ಎದ್ದು ನಾಲ್ಕು ಹೆಜ್ಜೆ ಬಂತು,
ಹಿಂದಿನ ಬಲಗಾಲು ನೆಲ ಒರಸುತ್ತ.
ಎಣಿಸಿದೆ.
ನಿಜಕ್ಕೂ ಮೂರೇ.

ಡಾಕ್ಟರ್ ವೆರ್‌ಸ್ಟಿಹೆಲ್ ಮೊದಲು ನೋಡಿದ್ದು ಕಿವಿಯನ್ನೇ,
ಸಣ್ಣ ದೀಪ ತೂರಿಸಿ. ಹೊರಗಿವಿ ಶುಚಿ.
ಒಳಗಿವಿಯನ್ನು ಇನ್ನೂ ಬಿಟ್ಟುಕೊಡಲಾರೆ ಅಂದರು.
ಆಮೇಲೆ ಕಣ್ಣು: ಗುಡ್ಡೆಗಳು ಅತ್ತಿಂದಿತ್ತ,
ಮಳೆ ನಿಂತ ಮೇಲೂ ಆರಿಸಲು ಮರೆತ ವೈಪರ್.
ಪಾದವನ್ನು ಬೋರಲು ಮಡಿಸಿ ಇಟ್ಟರು;
ಪ್ರೌಮ್ ಹಾಗೇ ಬಿಟ್ಟಿತು,
ಬೇರೆ ಯಾರದೋ ಪಾದ ಎಂಬಂತೆ.
ತೊಡೆಸಂದಿಯ ತುಪ್ಪಳ ಸರಿಸಿ
ಹಳದಿ ಕಲೆ ತೋರಿಸಿ ಕೇಳಿದರು:
ಈಚೆಗೆ ನೀರು ಹೆಚ್ಚು ಕುಡಿಯುತ್ತಿದೆಯೆ?
ಬಟ್ಟಲು ತುಂಬಿಸುವುದು ಲೀಸ್ಬೆತ್.
ನನಗೆ ಗೊತ್ತಿರಲಿಲ್ಲ.

ಕಣ್ಣಿಗೆ ಕಾಣದ ಒಂದು ಪರಾವಲಂಬಿ, ಇರಬಹುದು.
ತಾಯಿಯ ಗರ್ಭದಲ್ಲೇ ಬಂತೋ
ಇನ್ನೊಂದು ಮೊಲದ ಉಚ್ಚೆ ಸೋಂಕಿದ ಹುಲ್ಲಿನಿಂದಲೋ.
ಮೂತ್ರಪಿಂಡದಲ್ಲಿ, ಮಿದುಳಿನಲ್ಲಿ ಬಿಡಾರ ಹೂಡಿ
ವರ್ಷಗಟ್ಟಲೆ ತೆಪ್ಪಗಿರುತ್ತದಂತೆ.
ಕಿವಿಯಂಚಿನ ನಾಳದಿಂದ ಅವರು ರಕ್ತ ಎಳೆಯುವಾಗ
ಹಿಡಿದುಕೊಂಡವನು ನಾನು.
ಇಡೀ ಮೊಲವೇ ಒಂದು ಎದೆಬಡಿತ.

ಐದನೇ ದಿನ ಫೋನು.
ರಕ್ತದಲ್ಲಿ ಎರಡು ಸಾಕ್ಷಿ: ಒಂದು ಹಳೆಯ ಭೇಟಿಯದು,
ಒಂದು ಈಚಿನದು. ಎರಡೂ ಏರಿವೆ.
ಹಾಗಾದರೆ ಅದೇ ಅನ್ನಿ, ಅಂದೆ.
ಭೇಟಿಯಾಗಿದೆ ಅನ್ನುತ್ತೇನೆ, ಅಂದರು;
ಚೆನ್ನಾಗಿ ಕುಣಿಯುವ ಎಷ್ಟೋ ಮೊಲಗಳಲ್ಲೂ
ಆ ಹಳೆಯ ಸಾಕ್ಷಿ ಸಿಗುತ್ತದೆ.
ಎರಡೂ ಇಲ್ಲದಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆ.
ಈಗ ಅನುಮಾನಕ್ಕೆ ತೂಕ ಬಂದಿದೆ, ಅಷ್ಟೆ.

ನನಗೆ ಅರ್ಥವಾದದ್ದು ಹೀಗೆ:
ಜೇಬಿನಲ್ಲಿ ಟಿಕೆಟ್ ಇದ್ದರೆ ಟ್ರಾಮ್ ಹತ್ತಿದ್ದು ನಿಜ.
ಗಾಜು ಒಡೆದವನು ಅವನೇ ಅನ್ನಲಾದೀತೆ?

ನಾಲ್ಕು ವಾರ ಔಷಧ ಕೊಡಿ, ಆಮೇಲೆ
ಮತ್ತೊಮ್ಮೆ ಒರೆಗೆ ಹಚ್ಚೋಣ.

ಇಪ್ಪತ್ತೆಂಟು ಬೆಳಗು. ಕೆಲವು ಸಲ ನಾಲ್ಕೂವರೆಗೆ,
ಟಾರ್ಚನ್ನು ಬಾಯಲ್ಲಿ ಕಚ್ಚಿ, ಸೂಜಿಯಿಲ್ಲದ ಸಿರಿಂಜು
ಹಲ್ಲುಸಂದಿಗೆ. ಅರ್ಧ ಅದರ ಹೊಟ್ಟೆಗೆ, ಅರ್ಧ ನನ್ನ ಸಮವಸ್ತ್ರಕ್ಕೆ.
ಉರುಳದಂತೆ ಸುತ್ತ ಟವೆಲ್ ಸುರುಳಿ.
ಒಂಬತ್ತನೇ ದಿನ ಉರುಳಿಯೇ ಉರುಳಿತು,
ತಾನೇ ಒಂದು ಚಕ್ರವಾಗಿ;
ಲೀಸ್ಬೆತ್ ಅದರ ಮೇಲೆ ಬಾಗಿ
ತನ್ನ ಕೂದಲಲ್ಲೇ ಮುಚ್ಚಿಕೊಂಡಳು.

ಎರಡನೇ ಪರೀಕ್ಷೆಯಲ್ಲಿ ಈಚಿನ ಸಾಕ್ಷಿ ಇಳಿದಿದೆ.
ಹಳೆಯದು ಇದ್ದಲ್ಲೇ ಇದೆ.
ಕಾಲು ನಾಲ್ಕಾಗಿವೆ, ಕಣ್ಣು ನಿಂತಿದೆ.
ತಲೆ ನೆಟ್ಟಗಾಗಿಲ್ಲ; ಆಗದಿದ್ದರೂ ಬದುಕುತ್ತದೆ ಅಂದರು.

ನಿಲ್ದಾಣದಲ್ಲಿ ಒಬ್ಬಾಕೆ ಮೊನ್ನೆ ಕೇಳಿದಳು,
ಕುತ್ತಿಗೆ ನೋವೇ ಡ್ರೈವರೇ?

ಭಾನುವಾರ ಅಮ್ಮ ಪಾತ್ರೆಯ ಮುಚ್ಚಳ ತೆಗೆದಾಗ
ಕಪ್ಪು ಬಿಯರಿನ ಆವಿ, ಅದರೊಳಗೆ ಆ ಹಣ್ಣು.
ಆಲೂಗಡ್ಡೆ ಸಾಕು ನನಗೆ, ಅಂದೆ.
ಅಮ್ಮ ಸೌಟು ಹಿಡಿದೇ
ತಲೆ ಓರೆ ಮಾಡಿ ನೋಡಿದಳು.