ಹುಳಿ ಇದೆ

ಗುಡ್ಡೆಹೊಸೂರಿಗೆ ಐದೇ ಕಿಲೋಮೀಟರು,
ಹೆಲ್ಮೆಟ್ ಯಾಕೆ ಅಂದದ್ದು ನಾನೇ ಅಂತೆ.
ನೆನಪಿಲ್ಲ. ಇವರು ಹೇಳಿದ್ದು.
ಎಷ್ಟು ಸಲ ಹೇಳಿದ್ದಾರೆಂದರೆ
ಈಗ ಅದು ನನ್ನದೇ ನೆನಪಿನ ಹಾಗೆ ಕೂತಿದೆ,
ಬೇರೆಯವರ ಅಂಗಿ ತೊಟ್ಟು.

ಹಂಪ್ ಇತ್ತಂತೆ. ಹಸು ಇತ್ತಂತೆ.
ತಲೆ ಒಡೆಯಲಿಲ್ಲ.
ಎಡಗಿವಿಯಿಂದ ರಕ್ತ, ಒಂದು ಗೆರೆಯಷ್ಟು.
ಮೈಸೂರಿನಲ್ಲಿ ಹನ್ನೊಂದು ದಿನ ನಾನು ಇರಲಿಲ್ಲ.
ಹನ್ನೆರಡನೆಯ ದಿನ ಕಣ್ಣು ಬಿಟ್ಟು
ಸ್ಯಾಂಪಲ್ಲು ಹುರಿದಾಯಿತಾ ಎಂದು ಕೇಳಿದೆನಂತೆ.
ಎಲ್ಲರೂ ನಕ್ಕರಂತೆ:
ಬಂದಳಲ್ಲ ಜಲಜಾಕ್ಷಿ, ಇದ್ದ ಹಾಗೇ ಬಂದಳು!

ಇದ್ದ ಹಾಗೇ.

ಡಾಕ್ಟರು ಕಾಗದದ ಮೇಲೆ ಬಿಡಿಸಿ ತೋರಿಸಿದರು:
ಮೂಗಿನ ಮೇಲುಗಡೆ ಜರಡಿಯಂಥ ಒಂದು ಎಲುಬು,
ಅದರ ತೂತುಗಳಲ್ಲಿ ಕೂದಲಿಗಿಂತ ತೆಳುವಾದ ನರಗಳು.
ಮಿದುಳು ಒಮ್ಮೆ ಜೋಲಿ ಹೊಡೆದರೆ ಸಾಕು,
ತುಂಡಾಗುತ್ತವೆ.
ಜರಡಿ ನನಗೆ ಗೊತ್ತು.
ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ವರ್ಷ
ಜರಡಿಗಳ ಸದ್ದಿಗೆ ಗೋಡೆ ಹಂಚಿಕೊಂಡು
ಕಾಫಿ ಕುಡಿದು ಉಗುಳಿದವಳು ನಾನು.
ಅದೇ ನನ್ನ ಕೆಲಸ.

ಒಂದು ಚಮಚ ಸುರ್ರೆಂದು ಎಳೆದು ಹೇಳುತ್ತಿದ್ದೆ:
ಇದು ಹೊಸ ಗೋಣಿಯಲ್ಲಿ ಕೂತದ್ದು.
ಇದರ ಕಣದಲ್ಲಿ ನಾಯಿ ಮಲಗಿತ್ತು.
ಇದನ್ನು ಮೋಡಕ್ಕೆ ಹೆದರಿ ಅರೆ ಒಣಗಿಸಿ ಗುಡಿಸಿದ್ದಾರೆ.
ಇದು ಸೋಮವಾರಪೇಟೆ ಕಡೆಯದು, ಹತ್ತಿರದಲ್ಲೇ ಕಿತ್ತಳೆ ಇರಬೇಕು.
ಈಗ ಚಮಚದಲ್ಲಿ ಬಿಸಿನೀರಿದೆ. ಕಪ್ಪಗಿದೆ.
ಅಷ್ಟೆ.

ವಾಸನೆ ಹೋದದ್ದನ್ನು ಹೇಳಲಾದರೂ ಬರುತ್ತದೆ.
ಕುಕ್ಕರ್ ಕೂಗಿದರೆ ಹಣೆಯೊಳಗೆ ತಗಡು ಹರಿಯುತ್ತದೆ,
ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಕೇಳಿಸುವುದಿಲ್ಲ,
ಮಧ್ಯಾಹ್ನ ಎರಡಕ್ಕೆ ನಾನು ಮುಗಿಯುತ್ತೇನೆ,
ತಳ ಬಿಟ್ಟ ಕೊಡದ ಹಾಗೆ, ಒಮ್ಮೆಲೇ.
ಮೊನ್ನೆ, ಏನದು,
ಸಾರು ಬಡಿಸುವುದು, ಉದ್ದ ಹಿಡಿಯದು,
ಆ ಮಾತು ಸಿಗದೆ ಪಿಂಗಾಣಿ ತಟ್ಟೆ ಎಸೆದೆ.
ಎಸೆದದ್ದು ನಾನಲ್ಲ ಅನ್ನಲಾರೆ.
ಕೈ ನನ್ನದು, ಬಳೆ ನನ್ನದು.
ರಶ್ಮಿತಾ ಸುಮ್ಮನೆ ಚೂರು ಹೆಕ್ಕಿದಳು.
ಮಾರನೆಯ ದಿನ ಅದಕ್ಕೊಂದು ಚೀಟಿ ಅಂಟಿಸಿದ್ದಳು: ಸೌಟು.
ಕೆಳಗೆ ಸಣ್ಣ ಅಕ್ಷರದಲ್ಲಿ: ಎಸೆಯುವಂತಿಲ್ಲ.
ನಕ್ಕೆ. ನಿಲ್ಲಿಸಲಾಗಲಿಲ್ಲ.
ನಗು ಯಾವಾಗ ಅಳುವಾಯಿತೋ
ಅವಳೇ ಹೇಳಬೇಕು.

ಹುತ್ತರಿಗೆ ಬಂದ ನೆಂಟರು,
ಎಷ್ಟು ಚೆನ್ನಾಗಿ ಕಾಣ್ತೀ ಮಾರಾಯ್ತಿ!
ಕಾಣುತ್ತೇನೆ.
ಕಾಲು ಮುರಿದಿದ್ದರೆ
ಪ್ಲಾಸ್ಟರಿನ ಮೇಲೆ ಹೆಸರು ಬರೆದು ಹೋಗುತ್ತಿದ್ದಿರಿ.
ಇವರು ಮಾತ್ರ ಹಂಪ್ ಬಂದಲ್ಲೆಲ್ಲ ಬೈಕು ನಿಲ್ಲಿಸಿ
ಇಳಿದು, ತಳ್ಳಿಕೊಂಡು ದಾಟುತ್ತಾರೆ, ಒಬ್ಬರೇ ಇದ್ದಾಗಲೂ.
ಇವರದ್ದೂ ಒಂದು ಸ್ಕ್ಯಾನ್ ಮಾಡಿಸಬೇಕಿತ್ತು.
ನನಗೆಂದು ತಂದ ಹೊಸ ಹೆಲ್ಮೆಟ್ ಹಾಕಿದರೆ ತಲೆ ಸಿಡಿಯುತ್ತದೆ;
ಅದರಲ್ಲಿ ಈರುಳ್ಳಿ ಇಟ್ಟಿದ್ದೇನೆ.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ಎಂಟು ದಿನಕ್ಕೆ ರಸ್ತೆಯ ಎರಡೂ ಬದಿ ಬೆಳ್ಳಗಾಯಿತು.
ಬಸ್ಸಿನಲ್ಲಿ ಎಲ್ಲರೂ ಕಿಟಕಿ ತೆರೆದರು. ನಾನೂ ತೆರೆದೆ.
ಬೇರೆಯವರು ಉಸಿರೆಳೆಯುವುದನ್ನು ನೋಡುತ್ತ ಕೂತೆ.
ಒಬ್ಬ ಹುಡುಗ ಸೀನಿದ.

ಬೆಳ್ಯಪ್ಪನವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ.
ಚೀಲದ ಲೆಕ್ಕಕ್ಕೆ ಕೂರಿಸಿದ್ದಾರೆ.
ಮೂರು ಸಲ ಕೂಡಿದರೆ ಮೂರು ಮೊತ್ತ.
ನಿನ್ನೆ ಊಟದ ಹೊತ್ತಿಗೆ, ಯಾರೂ ಇಲ್ಲದಾಗ,
ಹಳೆಯ ಕೋಣೆಗೆ ಹೋದೆ.
ಹೊಸ ಹುಡುಗ ಐದು ಲೋಟ ಹಾಗೇ ಬಿಟ್ಟುಹೋಗಿದ್ದ, ಆರಿದ್ದವು.
ಆರಿದ ಕಾಫಿ ಸುಳ್ಳು ಹೇಳುವುದಿಲ್ಲ
ಎಂದು ಅವನಿಗೆ ಕಲಿಸಿದ್ದು ನಾನೇ.
ಒಂದು. ಏನಿಲ್ಲ.
ಎರಡು. ಕಹಿ, ಅದು ಯಾರಿಗೂ ಗೊತ್ತಾಗುತ್ತದೆ.
ಮೂರನೆಯದಕ್ಕೆ ನಾಲಿಗೆಯ ಅಂಚು
ಚುರುಕ್ ಅಂದಿತು, ಸಣ್ಣಗೆ.

ಪುಸ್ತಕ ತೆರೆದೆ.
ಹೂವು, ಹಣ್ಣು, ಬೆಲ್ಲ, ಗೋಣಿ,
ನಾನೇ ಗೆರೆ ಎಳೆದ ಕಾಲಂಗಳನ್ನೆಲ್ಲ ಖಾಲಿ ಬಿಟ್ಟು
ಬರೆದೆ: ಮೂರನೆಯದು. ಹುಳಿ ಇದೆ.
ಉಳಿದದ್ದು ಗೊತ್ತಿಲ್ಲ.

ಸಹಿಗೆ ಸ್ವಲ್ಪ ಹೊತ್ತು ಹಿಡಿಯಿತು.
ಜ ಬರೆದೆ. ನಿಂತೆ.
ಆಮೇಲೆ ಲ.