ಹಿನ್ನೆಲೆ ಸಂಗೀತ

ಮುಹರ್ರಕ್‌ನ ಇಸ್ತ್ರಿ ಅಂಗಡಿ, ಶುಕ್ರವಾರ.
ಬಿಳಿ ತೋಬುಗಳ ರಾಶಿಗೆ
ಒರಗಿ ಕೂತಿದೆ ಲಿಗೋರಿಯ ಫೋನು.

ಹಾಡುಗಳು ಆಗಲೇ ಬಂದಿದ್ದವು, ಕ್ಯಾಸೆಟ್ಟಿನಲ್ಲಿ.
ನಮಗೆ ಬೇಕಾದದ್ದು ಅದಲ್ಲ.
ಅವಳು ಬೀಗ ಹಾಕಿ, ಕೀಲಿಯನ್ನು
ಹೂಕುಂಡದಡಿ ಇಡುವಾಗ
ಪಿಟೀಲೊಂದು ಏನೋ ಹೇಳಹೊರಟು
ಸುಮ್ಮನಾಗುತ್ತದಲ್ಲ,
ಅದು.

ಮೂಲ ಟೇಪು ಇದೆಯಂತೆ
ನಿರ್ಮಾಪಕರ ಅಳಿಯನ ಕಪಾಟಿನಲ್ಲಿ.
ಈ ವರ್ಷ ಬಿಡುತ್ತಾರಂತೆ.
ಹೋದ ವರ್ಷವೂ ಅಂತೆಯೇ.
ಮೊಯ್ದಿನಬ್ಬ ವೀಸಾ ಮುಗಿದು ಊರಿಗೆ ಹೋದ,
ಆ ‘ಅಂತೆ’ಯನ್ನು ನಮಗೇ ಬಿಟ್ಟು.

ಸದ್ಯ ನಮ್ಮಲ್ಲಿರುವುದು
ಹಳೇ ವಿಡಿಯೋದಿಂದ ಇಳಿಸಿಕೊಂಡದ್ದು:
ಬೀಗದ ಕಟಕ್, ಬೀದಿಯಲ್ಲಿ ಯಾರದೋ ಕೆಮ್ಮು,
ಅದರಡಿ ಎಲ್ಲೋ ಪಿಟೀಲು.

ಹಬೆ ಏಳುತ್ತದೆ.
ಕಾಲರು ತಿರುಗಿಸುತ್ತ ಗುನುಗುತ್ತಾನೆ ಲಿಗೋರಿ,
ಸರಿಯಾಗಿ ಆ ಜಾಗಕ್ಕೆ ಬಂದು
ಕೆಮ್ಮುತ್ತಾನೆ.